ಹವಾಲ್ದಾರ ಕಾಕಾನ ಎಡಗಾಲು

ಎಡಗಾಲಿನಲ್ಲಿ ಎರಡು ಬೆರಳು ಇರಲಿಲ್ಲ. ಹೆಬ್ಬೆರಳಿನ ಪಕ್ಕದ ಜಾಗದಲ್ಲಿ ಹೊಲಿದು ಮುಚ್ಚಿದ ಚರ್ಮ, ಬಿಸಿಲು ಬಿದ್ದರೆ ಹುಣಸೆಬೀಜದ ಹಾಗೆ ಹೊಳೆಯುತ್ತಿತ್ತು. ಅವರು ಮೆಟ್ಟಿಲ ಮೇಲೆ ಕುಳಿತು ಆ ಜಾಗಕ್ಕೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರು. ಇಲ್ಲದ ಬೆರಳುಗಳ ನಡುವೆಯೂ ಕೈಬೆರಳು ಆಡಿಸುತ್ತಿದ್ದರು, ಅಲ್ಲಿ ಇನ್ನೂ ಏನೋ ಇದೆ ಎಂಬಂತೆ.

ಆದರೆ ಇಲ್ಲಿಂದ ಶುರು ಮಾಡಿದರೆ ತಪ್ಪಾಗುತ್ತದೆ. ಆ ಕಾಲನ್ನು ನಾನು ಕಂಡದ್ದು ಕೊನೆಯ ಒಂದೂವರೆ ವರ್ಷ. ಅದಕ್ಕೂ ಮೊದಲು ಬಹಳ ವರ್ಷ ಕಂಡದ್ದು ಐದೂ ಬೆರಳಿದ್ದ ಕಾಲು, ಪಾಲಿಶ್ ಹಾಕಿದ ಬೂಟಿನೊಳಗೆ. ನೆನಪು ಮಾತ್ರ ಕತ್ತರಿಸಿದ ಕಾಲನ್ನೇ ಮುಂದಿಡುತ್ತದೆ. ನೆನಪಿಗೆ ಗಾಯವೆಂದರೆ ಇಷ್ಟ. ಅದನ್ನು ನಾನು ಪೂರ್ತಿ ನಂಬುವುದಿಲ್ಲ.

ಬೆಳಗಾವಿಯ ನಮ್ಮ ಮನೆಯ ಮಾಳಿಗೆಯಲ್ಲಿ ಅವರು ಬಾಡಿಗೆಗಿದ್ದರು. ಅವರ ಊರು ಖಾನಾಪುರದ ಆಚೆಯ ಬೀಡಿ ಎಂಬ ಹಳ್ಳಿ. ಸೈನ್ಯದಲ್ಲಿ ಹವಾಲ್ದಾರರಾಗಿ, ಕೊನೆಯ ಕೆಲವು ವರ್ಷ ಹೊಸ ರಂಗರೂಟುಗಳಿಗೆ ಪರೇಡ್ ಕಲಿಸುವ ಉಸ್ತಾದರಾಗಿ ನಿವೃತ್ತರಾದವರು. ನಾವೆಲ್ಲ ಹವಾಲ್ದಾರ ಕಾಕಾ ಎನ್ನುತ್ತಿದ್ದೆವು. ಇಪ್ಪತ್ತನಾಲ್ಕು ವರ್ಷ ಎಡಗಾಲು ಮುಂದಿಟ್ಟು ಹೊರಟ ಮನುಷ್ಯ ಮೆಟ್ಟಿಲಿಳಿಯುವಾಗಲೂ ಎಡಗಾಲೇ, ಹೊಸ್ತಿಲು ದಾಟುವಾಗಲೂ ಎಡಗಾಲೇ. ಅವರ ಹೆಂಡತಿ, ನಮ್ಮ ಕಾಕು, ಇದೊಂದನ್ನು ಕ್ಷಮಿಸಿರಲಿಲ್ಲ.

"ಮನಿಯೊಳಗ ಬಲಗಾಲ ಇಟ್ಟ ಬರ್ರಿ ಅಂತ ಮದುವಿ ಆದಾಗಿಂದ ಬಡ್ಕೊಳ್ಳಾಕ ಹತ್ತೇನಿ."

"ಸರಕಾರ ಎಡಗಾಲ ಕಲಿಸೈತಿ. ನೀ ಬ್ಯಾರೆ ಸರಕಾರ ಆಗಿದ್ರ ಹೇಳು, ಬದಲಿ ಮಾಡೂಣು."

ಹೀಗೆ ನಗಿಸುತ್ತಿದ್ದವರ ಇನ್ನೊಂದು ಮಾತು ಆಗ ನನಗೆ ನಗೆಯದಾಗಿಯೇ ಕೇಳಿಸುತ್ತಿತ್ತು. ಓಣಿಯ ಹುಡುಗರು ಸೈನ್ಯದ ಭರತಿಗೆ ಹೊರಟಾಗ ಬೆನ್ನು ತಟ್ಟಿ ಹೇಳುತ್ತಿದ್ದರು: "ಅಂಜಿಕಿ ಅಂಬೂದು ಸಂತ್ರಿ ಇದ್ಹಂಗ. ಅದನ್ನ ಬಯ್ಯಬಾರದು, ಮಲಗಿಸಲೂಬಾರದು." ಭಯವನ್ನು ಕಾವಲಿಗೆ ನಿಲ್ಲಿಸಿಕೊಂಡು ಬದುಕುವುದು ಹೇಗೆಂದು ನಮ್ಮ ಮನೆ ಆಮೇಲೆ ಕಲಿಯಿತು.

ನನ್ನ ತಮ್ಮನೂ ಸಿಪಾಯಿಯಾಗಿದ್ದ. ಸೇವೆ ಮುಗಿಸಿ ಬಂದು ಒಂದು ಆಸ್ಪತ್ರೆಯ ಗೇಟಿನಲ್ಲಿ ಕಾವಲಿಗೆ ನಿಂತಿದ್ದ. ಕಾಕಾ ಎಟಿಎಮ್ಮಿನ ಗಾಜಿನ ಗೂಡಿನಲ್ಲಿ ಕೂರುತ್ತಿದ್ದರು. ಆಗ ಒಬ್ಬ ಏಜಂಟ ಬಂದ. ಹೊರದೇಶದಲ್ಲಿ ಗೋಡೌನ್ ಕಾಯುವ ಕೆಲಸ, ಮಾಜಿ ಸೈನಿಕರೇ ಬೇಕು ಎಂದ. ಯಾವ ದೇಶ ಎಂದು ನಾನು ಬರೆಯುವುದಿಲ್ಲ. ಬರೆಯಬೇಡ ಎಂದು ತಮ್ಮ ಕೇಳಿಕೊಂಡಿದ್ದಾನೆ.

ನಮ್ಮ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದ ಏಜಂಟನನ್ನು ಕಾಕಾ ಕೇಳಿದ್ದರು: "ಗೋಡೌನ್ ಕಾಯಾಕ ಬಂದೂಕು ಕೊಡ್ತೀರೇನ್ರಿ?"

"ಅಯ್ಯ, ಬಡಿಗಿ ಕೊಡ್ತೇವ್ರಿ ಸಾಹೇಬ್ರ! ಅಲ್ಲಿ ನಾಯಿ ಭಾಳ ಅದಾವ," ಎಂದು ಅವನು ನಕ್ಕ. ನಾವೂ ನಕ್ಕೆವು.

ತಮ್ಮ ಹೊರಟ. ಅವನ ಜತೆ ಕಾಕಾ ಯಾಕೆ ಹೋದರು ಎಂಬುದಕ್ಕೆ ನನ್ನಲ್ಲಿ ಎರಡು ಉತ್ತರಗಳಿವೆ. ಗಾಜಿನ ಗೂಡು ಅವರಿಗೆ ಸಾಕಾಗಿತ್ತು ಎಂಬುದು ಒಂದು. ಅವ್ವ ಮೆಟ್ಟಿಲ ಬುಡದಲ್ಲಿ ನಿಂತು, "ನೀವು ಬಾಜೂಕ ಇದ್ರ ನನಗ ಧೈರ್ಯಾರಿ," ಎಂದದ್ದು ಇನ್ನೊಂದು. ಕಾಕಾ ಆಗ ಹೇಳಿದ ಮಾತು ಮಾತ್ರ ನನಗೆ ಚೆನ್ನಾಗಿ ನೆನಪಿದೆ: "ಅಂವನ್ನ ನನ್ನ ಬಲಗಡಿ ನಿಂದರಸ್ತೇನವ್ವಾ." ಸಾಲಿನಲ್ಲಿ ಪಕ್ಕದವನಾಗಿ ನಿಲ್ಲಿಸಿಕೊಳ್ಳುತ್ತೇನೆ ಎಂದರ್ಥ. ಎರಡನೆಯ ಉತ್ತರವೇ ನಿಜವಿರಬೇಕೆಂದು ನನ್ನ ಭಯ.

ಮೊದಲು ಫೋನು ಬರುತ್ತಿತ್ತು. ಥಂಡಿ ಬಹಳ, ಬ್ರೆಡ್ಡು ಕಲ್ಲಿನ ಹಾಗೆ, ಕಾಕಾ ಸಜ್ಜಿಗೆ ಮಾಡಿ ಹಾಕುತ್ತಾರೆ. ಒಂದು ಸಂಜೆ ತಮ್ಮನ ದನಿಯ ಸಂದೇಶ ಬಂತು. ತೀರಾ ಮೆಲ್ಲಗೆ ಮಾತಾಡಿದ್ದ: "ಅಕ್ಕಾ, ನಮಗ ಯೂನಿಫಾರ್ಮ್ ಕೊಟ್ಟಾರ. ಹೆಲ್ಮೆಟ್ಟೂ ಕೊಟ್ಟಾರ. ಗೋಡೌನ್ ಕಾಯಾಕ ಹೆಲ್ಮೆಟ್ ಯಾಕ ಬೇಕ?"

ಆಮೇಲೆ ಫೋನು ಹತ್ತಲಿಲ್ಲ. ಅವ್ವ ಆ ಸಂದೇಶವನ್ನು ಮತ್ತೆ ಮತ್ತೆ ಹಾಕಿಸಿ ಕೇಳುತ್ತಿದ್ದಳು. ಕಾಕು ಮಾಳಿಗೆಯಿಂದ ಇಳಿದು ಬಂದು ನಮ್ಮ ಜತೆ ಕುಳಿತು ಕೇಳುತ್ತಿದ್ದಳು. ಆಕೆಯ ಗಂಡನ ದನಿ ಅದರಲ್ಲಿ ಇರಲಿಲ್ಲ, ಹಿಂದೆಲ್ಲೋ ಒಂದು ಕೆಮ್ಮು ಮಾತ್ರ. "ಅದು ಅವರದs," ಎನ್ನುತ್ತಿದ್ದಳು. ನಮ್ಮ ಊರಿನ ಸೈನ್ಯದ ಕ್ಯಾಂಪಿನ ಕಡೆಯಿಂದ ಗುಂಡಿನ ಅಭ್ಯಾಸದ ಸದ್ದು ಬಂದರೆ ಮೂವರೂ ಬಾಗಿಲ ಕಡೆ ತಿರುಗುತ್ತಿದ್ದೆವು. ಹುಟ್ಟಿದಾಗಿನಿಂದ ಕೇಳಿದ ಸದ್ದು ಅದು. ಆ ದಿನಗಳಲ್ಲಿ ಅದು ನಮ್ಮ ಬಾಗಿಲು ಬಡಿದ ಹಾಗೆ ಕೇಳಿಸುತ್ತಿತ್ತು.

ಅಲ್ಲಿ ನಡೆದದ್ದನ್ನು ತಮ್ಮ ವಾಪಸು ಬಂದ ಮೇಲೆ ಹೇಳಿದ. ಅವರು ಒಂಬತ್ತು ಮಂದಿ, ಎಲ್ಲರೂ ನಮ್ಮ ದೇಶದ ಮಾಜಿ ಸೈನಿಕರು. ನಾಳೆ ಯುದ್ಧದ ಮುಂಚೂಣಿಗೆ ಹೋಗಬೇಕು ಎಂದು ಆ ದೇಶದ ಸೈನ್ಯದವರು ಹೇಳಿದ ಸಂಜೆ ಕಾಕಾ ಎಲ್ಲರನ್ನೂ ಒಲೆಯ ಸುತ್ತ ಕೂರಿಸಿ ಮಾತಾಡಿದರಂತೆ.

"ನಾವು ಕಸಂ ತಿಂದದ್ದು ಒಂದs ಝೇಂಡಾಕ್ಕ. ಆ ಝೇಂಡಾ ನಮಗ ಇಲ್ಲಿ ಹೋಗು ಅಂದಿಲ್ಲ. ಇದು ಮಂದಿ ಹೊಲದ ಬದು ಒಡದು ಒಳಗ ಹೊಕ್ಕವರ ಲಡಾಯಿ. ಕಾಯ್ದೇದ ಹುಕುಂ ಇದ್ರ ಗುಂಡು ಹಾರಸೂದು ಡ್ಯೂಟಿ. ಇಲ್ಲಂದ್ರ ಅದು ಖೂನಿ. ನಾ ಖೂನಿಗಾರ ಆಗಂಗಿಲ್ಲ. ನೀವು ನಿಮ್ಮ ನಿಮ್ಮದು ನೋಡ್ರಿ."

ಒಬ್ಬ ಕೇಳಿದನಂತೆ: "ಹೋಗದಿದ್ದರೆ ಹೊಡೆದು ಹಾಕುತ್ತಾರಲ್ಲ ಉಸ್ತಾದ್?"

"ಹಾಕಬಹುದು. ನಂಗೂ ಅಂಜಿಕಿ ಐತಿ. ಸುಳ್ಳ ಯಾಕ ಹೇಳ್ಲಿ?"

ಒಂಬತ್ತೂ ಮಂದಿ ಹೋಗುವುದಿಲ್ಲ ಎಂದುಕೊಂಡರು.

ಬೆಳಿಗ್ಗೆ ಹಿಮದ ಬಯಲಿನಲ್ಲಿ ಲಾರಿ ನಿಂತಿತ್ತು. ಆ ದೇಶದ ಅಧಿಕಾರಿ ಸೊಂಟಕ್ಕೆ ಪಿಸ್ತೂಲು ಕಟ್ಟಿದ್ದ; ಅವನಿಗೆ ನಮ್ಮ ಭಾಷೆ ಬಾರದು. ಏಜಂಟನ ಕಡೆಯವನೊಬ್ಬ ಇದ್ದ. ಅವನೂ ಒಂದು ಕಾಲಕ್ಕೆ ನಮ್ಮ ಸೈನ್ಯದಲ್ಲೇ ಇದ್ದವನು. ಅವನು ಬೆದರಿಸಲಿಲ್ಲ, ವಾದಿಸಲೂ ಇಲ್ಲ. ಎದೆ ಉಬ್ಬಿಸಿ, ನಮ್ಮ ಪರೇಡ್ ಮೈದಾನದ ರಾಗದಲ್ಲೇ ಕೂಗಿದ: "ಸಾವಧಾನ್!" ಒಂಬತ್ತು ಜೊತೆ ಹಿಮ್ಮಡಿ ಒಟ್ಟಿಗೆ ಕೂಡಿದವು. "ತೇಜ್ ಚಲ್!" ಒಂಬತ್ತು ಎಡಗಾಲು ಒಟ್ಟಿಗೆ ಎದ್ದವು.

"ತಲಿ ಬ್ಯಾಡ ಅಂತಿತ್ತು ಅಕ್ಕಾ," ಎಂದ ತಮ್ಮ. "ಕಾಲು ಹೊಂಟಿತ್ತು. ಕಾಕಾಂದೂ ಹೊಂಟಿತ್ತು. ಸಾಯಾಕ ಹೊಂಟೇವಿ ಅಂತ ಗೊತ್ತಿದ್ರೂ ಹೆಜ್ಜಿ ತಪ್ಪಲಿಲ್ಲ ನೋಡು."

ಅಧಿಕಾರಿಯ ಪಿಸ್ತೂಲಿಗಿಂತ ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಆ ಕಾಲುಗಳು. ಲಾರಿ ಹತ್ತಿರವಾಗುತ್ತಿತ್ತಂತೆ. ಆಗ ಸಾಲಿನೊಳಗಿಂದಲೇ ಒಂದು ದನಿ ಬಂತು: "ಥಮ್!"

ನಿಲ್ಲು ಎನ್ನುವ ಆಜ್ಞೆ ಅದು. ಹೊರಟ ಕಾಲುಗಳೇ ನಿಂತವು. ಅದೇ ದನಿ ಮತ್ತೆ ಕೂಗಿತು: "ಬೈಠ್ ಜಾ!" ಒಂಬತ್ತೂ ಮಂದಿ ಹಿಮದಲ್ಲಿ ಕುಳಿತುಬಿಟ್ಟರು. ಏಜಂಟನ ಮನುಷ್ಯ ಎಷ್ಟು ಕೂಗಿದರೂ ಮತ್ತೆ ಏಳಲಿಲ್ಲ.

ಅಧಿಕಾರಿ ಪಿಸ್ತೂಲು ತೆಗೆದು, ಕೂಗಿದವನು ಯಾರೆಂದು ಕೇಳಿಸಿದ. ಕಾಕಾ ಎದ್ದು ಒಂದು ಹೆಜ್ಜೆ ಮುಂದೆ ಬಂದರು. ಎಡಗಾಲು. ಅವರನ್ನು ಎಳೆದುಕೊಂಡು ಹೋದರು. ಉಳಿದ ಎಂಟು ಮಂದಿಯಿಂದ ಕೆಲವು ವಾರ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕಿಸಿ, ಇಲ್ಲಿಂದ ಮನೆಯವರ ಕೂಗು ಹೆಚ್ಚಾದ ಮೇಲೆ ವಾಪಸು ಕಳಿಸಿದರು. ಅಲ್ಲೇ ಯಾಕೆ ಗುಂಡು ಹಾಕಲಿಲ್ಲವೋ ತಮ್ಮನಿಗೆ ಇವತ್ತಿಗೂ ತಿಳಿಯದು. ತಿಳಿಯದ ಅದೊಂದೇ ಅವನ ನಿದ್ದೆ ತಿನ್ನುತ್ತದೆ.

ಕಾಕಾ ಬಂದದ್ದು ಬಹಳ ತಡವಾಗಿ. ಸಾಂಬ್ರಾದಲ್ಲಿ ವಿಮಾನ ಇಳಿದು ಹೊರಬಂದವರನ್ನು ಕಾಕು ಮೊದಲು ಗುರುತಿಸಲಿಲ್ಲ. ನೆಲಮಾಳಿಗೆಯಲ್ಲಿ ಬರಿಗಾಲಲ್ಲಿ ಇಟ್ಟಿದ್ದರಂತೆ. ಥಂಡಿಗೆ ಕಪ್ಪಾದ ಎರಡು ಬೆರಳನ್ನು ಕತ್ತರಿಸಿದ್ದರು, ಎದೆಯಲ್ಲಿ ಒಂದು ಕೆಮ್ಮು ಉಳಿದಿತ್ತು. ಮನೆಗೆ ಬಂದು ಎಡಗಾಲು ಎತ್ತಲಾರದೆ ಬಲಗಾಲನ್ನು ಹೊಸ್ತಿಲೊಳಗೆ ಇಟ್ಟರು. "ತಗೋ," ಎಂದರು ಕಾಕುವಿಗೆ, "ನಿನ್ನ ಸರಕಾರ ಬಂತು." ಕಾಕು ಅತ್ತಳು.

ಇಷ್ಟು ಅಚ್ಚುಕಟ್ಟಾಗಿ ನಡೆದಿತ್ತೇ? ಹೊಸ್ತಿಲಿನ ಹತ್ತಿರ ನಾನು ಚೀಲ ಹಿಡಿದು ಹಿಂದೆ ನಿಂತಿದ್ದೆ. ಯಾವ ಕಾಲು ಎಂದು ಕಂಡಿರಲಾರದು. ಮಾತು ಕೇಳಿದ್ದು ನಿಜ. ಅಳು ಕೇಳಿದ್ದು ನಿಜ.

ಆಮೇಲಿನ ದಿನಗಳಲ್ಲಿ ಗೊತ್ತಿಲ್ಲದ ನಂಬರಿನಿಂದ ಫೋನು ಬಂದರೆ ಅವರು ಅದನ್ನು ಎತ್ತುತ್ತಿರಲಿಲ್ಲ, ಕಟ್ ಮಾಡುತ್ತಲೂ ಇರಲಿಲ್ಲ. ಬಾರಿಸಿ ನಿಲ್ಲುವವರೆಗೆ ಅದರ ಮುಂದೆ ಕೂರುತ್ತಿದ್ದರು. ಒಮ್ಮೆ ನಮ್ಮ ನೆಂಟರ ಮದುವೆಗೆ ಮಂಗಲ ಕಾರ್ಯಾಲಯಕ್ಕೆ ಹೋಗಿದ್ದೆವು. ಅಂಗಳದಲ್ಲಿ ಅಕ್ಷತೆಯ ಹೊತ್ತಿಗೆ ಫೋಟೋದವರು ಡ್ರೋನ್ ಹಾರಿಸಿದರು. ತಲೆಯ ಮೇಲೆ ಅದರ ಗುಂಯ್ ಎನ್ನುವ ಸದ್ದು ಬಂದದ್ದೇ ತಡ, ಕಾಕಾ ನನ್ನ ಕತ್ತು ಹಿಡಿದು ಊಟದ ಮೇಜಿನ ಕೆಳಗೆ ದೂಡಿ, ಮೇಲೆ ತಾವು ಬಿದ್ದರು. ಮದುಮಗನ ಗೆಳೆಯನೊಬ್ಬ, "ಅಜ್ಜಾರ, ಅದು ಕ್ಯಾಮೆರಾರೀ, ಮಾರಿ ಕಾಣೂಹಂಗ ಕುಂದರ್ರಿ!" ಎಂದು ನಕ್ಕ. ಕಾಕಾ ಎದ್ದು ಟೋಪಿ ಸರಿಪಡಿಸಿಕೊಂಡು, ನನ್ನ ಸೀರೆಗೆ ಹತ್ತಿದ್ದ ಧೂಳು ಕೊಡವಿ, ಮೆಲ್ಲಗೆ ಹೇಳಿದರು: "ಅಲ್ಲಿ ಅವು ಮ್ಯಾಲಿಂದ ನೋಡ್ತಾವವ್ವಾ. ನೋಡಿ, ಯಾರನ್ನ ಕೊಲ್ಲೂದಂತ ಆರಿಸ್ತಾವ."

ಅವತ್ತು ಹಿಮದಲ್ಲಿ ಕೂಗಿದವರು ಯಾರು ಎಂದು ನಾನು ಕೇಳಿದೆ. ಒಮ್ಮೆಯಲ್ಲ. ತಮ್ಮನನ್ನು ಕೇಳಿದರೆ ಗೋಡೆ ನೋಡುತ್ತಾ, "ಕಾಕಾ ಕೂಗಿದ್ರು," ಎನ್ನುತ್ತಿದ್ದ. ಅವ್ವನ ಎದುರಿಗೆ ಕಾಕಾ ಕೂಡ, "ಹೂಂ, ನಾನs ಕೂಗಿದ್ದು," ಎಂದಿದ್ದರು. ಆದರೆ ಒಮ್ಮೆ ನಾವಿಬ್ಬರೇ ಇದ್ದಾಗ, ಕಾಲಿಗೆ ಎಣ್ಣೆ ಹಚ್ಚುತ್ತಾ, "ಅವತ್ತ ನನಗ ದನಿ ಎಲ್ಲಿತ್ತವ್ವಾ? ಥಂಡಿಗೆ ಗಂಟಲ ಕಟ್ಟಿತ್ತು," ಎಂದರು. ನಾನು ಬೆಚ್ಚಿ ನೋಡಿದೆ. ಅವರು ತಲೆ ಎತ್ತಲಿಲ್ಲ. "ಯಾರ ಕೂಗಿದ್ರ ಏನು? ಒಂಬತ್ತೂ ಮಂದಿಗೆ ಕೇಳಿಸ್ತಲ್ಲ, ಅದು ದೊಡ್ಡದು."

ಕೆಮ್ಮು ಹೆಚ್ಚಾದಾಗ ಊರಿಗೆ ಹೋದರು. ಬೀಡಿಯಲ್ಲಿ ಓಣಿಗೊಬ್ಬ ಮಾಜಿ ಸೈನಿಕ; ಅಲ್ಲಿ ಅವರನ್ನು ನೋಡುವ ನೋಟ ಬೇರೆಯಾಗಿತ್ತು. ಅವರನ್ನು ಕಾಣಲು ಹೋದಾಗ ಚಹಾದಂಗಡಿಯ ಮುಂದೆ ನನ್ನ ಕಿವಿಯಾರೆ ಕೇಳಿದ್ದೇನೆ. ಮೀಸೆ ತಿರುವಿದ ಒಬ್ಬ ಹಳೆಯ ಸುಬೇದಾರರು ಅಂಗಡಿಯವನಿಗೆ ಹೇಳಿದರು: "ಏ, ಖುರ್ಚಿ ಹಾಕೋ ಹವಾಲ್ದಾರ್ರಿಗೆ! ಲಡಾಯಿ ಅಂದ್ರ ಕುಂದರೂ ಮಂದಿ ಅವರು."

ಅಂಗಡಿಯಲ್ಲಿ ನಗೆ ಎದ್ದಿತು. ಕಾಕಾ ಕೋಲಿನ ಮೇಲೆ ಭಾರ ಹಾಕಿ ನಿಂತರು. "ಖರೇ ಐತ್ರಿ ಸಾಹೇಬ್ರ. ಅವತ್ತ ಕುಂತದ್ದಕ್ಕ ಇವತ್ತ ನಿಮ್ಮ ಮುಂದ ನಿಂತೇನಿ."

ಸುಬೇದಾರರು ಮೀಸೆಯ ಮೇಲಿನ ಕೈ ತೆಗೆದರು. ಅಷ್ಟೇ.

ಮಳೆಗಾಲ ಶುರುವಾಗುವ ಮೊದಲೇ ಕಾಕಾ ತೀರಿಕೊಂಡ ಸುದ್ದಿ ಬಂತು. ನಾನು, ಅವ್ವ, ತಮ್ಮ ಹೊರಟೆವು. ದಾರಿಯಲ್ಲಿ ದೇಸೂರ ಬಂತು. ಅಲ್ಲಿ ತಮ್ಮ, ಕೇಳದೆಯೇ, "ಅವತ್ತ ಕಾಕಾ ನನ್ನ ಕಡೆ ನೋಡಿ ಗೋಣ ಹಾಕಿದ್ರು ಅಕ್ಕಾ," ಎಂದ. ಯಾವತ್ತು ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದನೋ ಏನೋ.

ಅವರದು ಲಿಂಗವಂತರ ಮನೆತನ. ಸತ್ತವರನ್ನು ಮಲಗಿಸುವುದಿಲ್ಲ, ಕುಳ್ಳಿರಿಸಿ ಮಣ್ಣು ಕೊಡುತ್ತಾರೆ. ಹಣೆ ತುಂಬ ವಿಭೂತಿ, ಎಡ ಅಂಗೈಯಲ್ಲಿ ಲಿಂಗ. ಕುಣಿಯೊಳಗೆ ಇಳಿಸಿದಾಗ ಎಡಗಾಲು ಮಡಚಲಿಲ್ಲ. ಕೆಳಗಿದ್ದವರು ಒತ್ತಿದರು. "ಮೆಲ್ಲಕ್ರೀ," ಎಂದಳು ಕಾಕು ಮೇಲಿನಿಂದ, "ಆ ಕಾಲ ನೂಸ್ತೈತಿ ಅವರಿಗೆ." ಕೊನೆಗೆ ಕಾಲು ಮಡಚಿತು. ಕಾಕಾ ಕುಳಿತರು.

ಊರಿನ ಮಾಜಿ ಸೈನಿಕರು ಟೋಪಿ ಹಾಕಿಕೊಂಡು ಬಂದಿದ್ದರು, ಸುಬೇದಾರರೂ ಇದ್ದರು. ಬರುತ್ತಾರೆಂದು ನಾನು ಎಣಿಸಿರಲಿಲ್ಲ. ಅಯ್ಯನವರು ಪತ್ರಿ ಹಾಕಿ ಹಿಂದೆ ಸರಿದಾಗ ಸುಬೇದಾರರು ಒಂದು ಹೆಜ್ಜೆ ಮುಂದೆ ಬಂದು ಗೌರವಕ್ಕೆಂದು ಕೂಗಿದರು: "ಸಾವಧಾನ್!" ಹಿಮ್ಮಡಿಗಳು ಕೂಡಿದವು. ತಮ್ಮನ ಹಿಮ್ಮಡಿಯೂ ಕೂಡಿತು. ಆ ಕಾಲುಗಳು ಮತ್ತೆ ಎದ್ದು ಎಲ್ಲಿಗೋ ಹೊರಟುಬಿಡುತ್ತವೆ ಎನಿಸಿತು. ಅವ್ವ ನನ್ನ ರಟ್ಟೆ ಹಿಡಿದಳು. ಅವಳಿಗೂ ಹಾಗೇ ಅನಿಸಿರಬೇಕು.

ಆಗ ಸಾಲಿನೊಳಗಿಂದ ಒಂದು ದನಿ ಬಂತು. ಮನೆಯಲ್ಲಿ ನೀರು ಬೇಕೆಂದರೂ ಪಿಸುಗುಟ್ಟುವ ನನ್ನ ತಮ್ಮನ ದನಿ. ಅದು ಅಷ್ಟು ದೊಡ್ಡದಿದೆ ಎಂದು ನನಗೆ ಅಂದಿನವರೆಗೆ ಗೊತ್ತಿರಲಿಲ್ಲ.

"ಬೈಠ್ ಜಾ!"

ಸಾಲು ಕುಸಿದು ಮಣ್ಣಿನ ಮೇಲೆ ಕುಳಿತಿತು. ಸುಬೇದಾರರೂ ಮಂಡಿ ಹಿಡಿದುಕೊಂಡು ಕುಳಿತರು ಎಂದು ಬರೆದರೆ ಚೆನ್ನಾಗಿರುತ್ತದೆ. ನಾನು ನೋಡಲಿಲ್ಲ. ನಾನು ನೋಡುತ್ತಿದ್ದುದು ತಮ್ಮನನ್ನು. ಅವನು ಕುಣಿಯ ಅಂಚಿನಲ್ಲಿ, ಕಾಕಾನ ಬಲಗಡೆಗೆ ಕುಳಿತಿದ್ದ.

ಕೂಗಿದವರು ಯಾರು ಎಂದು ನಾನು ಮತ್ತೆ ಕೇಳಿಲ್ಲ.