ಟವರಿನ ಕೆಳಗಿನ ಕವಲು

ಡೊಂಬಿವಲಿಯ ಯಜ್ಞೇಶ್ವರ ಭಟ್ಟರಿಗೆ ಮೊಣಕಾಲು ಎರಡು, ಮುಂಬಯಿ ಲೋಕಲ್ ರೈಲಿನಂತೆ ಲೈನೂ ಎರಡು. ಎಡದ್ದು ಫಾಸ್ಟ್, ಬಲದ್ದು ಸ್ಲೋ. ಫಾಸ್ಟು ಎರಡು ಮೆಟ್ಟಿಲು ಏರಿ ನಿಂತ ಮೇಲೆ ಸ್ಲೋ ನಿಧಾನವಾಗಿ ಬಂದು ಸೇರುತ್ತದೆ. ಮಳೆಗಾಲದಲ್ಲಿ ಅದೂ ಕ್ಯಾನ್ಸಲ್. ಇಂಥ ಕಾಲುಗಳ ಅರವತ್ತಮೂರರ ಮನುಷ್ಯ ಭಾನುವಾರ ಬೆಳಿಗ್ಗೆ ಎದೆಗೆ, ಮೊಣಕೈಗೆ, ಮೊಣಕಾಲಿಗೆ ಪ್ಲಾಸ್ಟಿಕ್ಕಿನ ಕವಚ ಬಿಗಿದುಕೊಂಡು ಟಿಟ್ವಾಳಾದಾಚೆಯ ಗುಡ್ಡಗಳಲ್ಲಿ ಬೈಕು ಹಾರಿಸಲು ಹೋಗುತ್ತಾರೆಂದರೆ ಬಿಲ್ಡಿಂಗಿನವರು ಮೊದಲು ನಂಬಲಿಲ್ಲ. ನಂಬಿದ ಮೇಲೆ ಲಿಫ್ಟಿನಲ್ಲಿ ಸ್ವಲ್ಪ ದೂರವೇ ನಿಲ್ಲತೊಡಗಿದರು.

"ದೇವರಿಗೂ ಇಷ್ಟು ಕವಚ ಹಾಕುದಿಲ್ಲ ಮಾರಾಯ್ರೆ" ಎನ್ನುತ್ತಿದ್ದರು ಹೆಂಡತಿ ಸುಗುಣಾ. "ಮಂಗಳಾರತಿ ಈಗಲೇ ಮಾಡ್ಲಾ, ಬಂದ ಮೇಲೆ ಮಾಡ್ಲಾ?"

ಈ ಹುಚ್ಚು ಹಿಡಿಸಿದವರು ಮುಂಡಪ್ಪ ಶೆಟ್ಟರು. ವಿಠ್ಠಲವಾಡಿಯಲ್ಲಿ ಅವರದೊಂದು ಬಾರ್, ಕಲ್ಯಾಣದಲ್ಲಿ ಭಟ್ಟರದೊಂದು ಶುದ್ಧ ಸಸ್ಯಾಹಾರಿ ಹೋಟೆಲು. ಇಬ್ಬರೂ ಉಡುಪಿ ಕಡೆಯವರು, ಇಬ್ಬರೂ ಹದಿನಾರರಲ್ಲಿ ಇಲ್ಲಿಗೆ ಬಂದು ಕಪ್ಪು ಬಸಿ ತೊಳೆದವರು. ಐವತ್ತಾರರ ಹೊತ್ತಿಗೆ ಹೋಟೆಲನ್ನು ಮಗ ಕಶ್ಯಪ ನೋಡಿಕೊಳ್ಳತೊಡಗಿದಾಗ, ಭಟ್ಟರಿಗೆ ಬೆಳಿಗ್ಗೆ ಎದ್ದು ಏನು ಮಾಡಬೇಕೆಂದೇ ತಿಳಿಯಲಿಲ್ಲ. ಶೆಟ್ಟರು ಒಂದು ಹಳೆಯ ಎರಡು-ಸ್ಟ್ರೋಕ್ ಬೈಕನ್ನು ಗುಡ್ಡಕ್ಕೆ ತಕ್ಕಂತೆ ಮಾಡಿಸಿ ತಂದು ಬಾಗಿಲಲ್ಲಿ ನಿಲ್ಲಿಸಿದರು.

"ಭಟ್ರೇ, ಹತ್ತಿ. ಬಿದ್ರೆ ಮಣ್ಣು, ಬೀಳದಿದ್ರೆ ಪುಣ್ಯ."

ಮಳೆಗಾಲ ಬಿಟ್ಟರೆ ಏಳು ವರ್ಷ ಭಾನುವಾರ ತಪ್ಪಲಿಲ್ಲ. ಅಷ್ಟರಲ್ಲಿ ಶೆಟ್ಟರ ಕಣ್ಣಿಗೆ ಪೊರೆ ಬಂತು, ಭಟ್ಟರ ಮೊಣಕಾಲಿನ ಸವಕಳಿ ಶುರುವಾಯಿತು. ಒಬ್ಬರ ಕಾಲು, ಒಬ್ಬರ ಕಣ್ಣು, ಎರಡೂ ಸೇರಿದರೆ ಒಬ್ಬ ಸವಾರನಿಗೆ ಸಾಕೆಂದು ನಗುತ್ತಿದ್ದರು. ಭಟ್ಟರು ಮುಂದೆ, ಶೆಟ್ಟರು ಹಿಂದೆ. ಧೂಳು ಕಣ್ಣಿಗೆ ಹೋಗಬಾರದೆಂದು ಶೆಟ್ಟರು ಸಾಕಷ್ಟು ಅಂತರ ಬಿಟ್ಟೇ ಬರುವುದು. ದಾರಿ ತಪ್ಪದಿರಲು ಒಂದು ನಿಯಮವನ್ನೂ ಅವರೇ ಮಾಡಿದ್ದರು. ದಾರಿ ಕವಲೊಡೆದಲ್ಲಿ ಎಡಕ್ಕೋ ಬಲಕ್ಕೋ ತಿರುಗುವುದಾದರೆ, ಮುಂದಿನವನು ಹಿಂದಿನವನು ಕಾಣಿಸುವವರೆಗೆ ಅಲ್ಲೇ ನಿಲ್ಲಬೇಕು. ಕವಲಿನಲ್ಲಿ ಯಾರೂ ನಿಂತಿಲ್ಲವೆಂದರೆ, ದಾರಿ ನೇರ.

ಕಳೆದ ವರ್ಷ, ಮಳೆ ನಿಂತ ಮೇಲಿನ ಮೊದಲ ಭಾನುವಾರ, ಶೆಟ್ಟರು ನೇರ ಹೋದರು. ಹೈಟೆನ್ಷನ್ ಟವರಿನ ಕೆಳಗೆ ಒಂದು ಕವಲು. ಎಡದ್ದು ಹಳ್ಳಿಗೆ ಇಳಿಯುವ ದಾರಿ, ನೇರದ್ದು ಗುಡ್ಡದ ನೆತ್ತಿಗೆ. ಆ ನೆತ್ತಿ ಮಳೆಗಾಲದೊಳಗೆ ಅರ್ಧ ಮಾಯವಾಗಿತ್ತು. ಯಾರೋ ಮುರುಮ್ ಮಣ್ಣು ಅಗೆದು ಲಾರಿಗಟ್ಟಲೆ ಸಾಗಿಸಿದ್ದರು. ದಾರಿಯ ತುದಿಯಲ್ಲಿ ಮೂವತ್ತಡಿ ಆಳ.

"ಶೆಟ್ರಿಗೆ ತಿರುವು ಕಾಣ್ಲಿಲ್ಲ" ಎಂದರು ಭಟ್ಟರು, ಪೊಲೀಸರ ಹತ್ತಿರ, ಶೆಟ್ಟರ ಹೆಂಡತಿ ಜಯಲತಾ ಹತ್ತಿರ, ಸ್ಮಶಾನಕ್ಕೆ ಬಂದವರ ಹತ್ತಿರ. ಎಲ್ಲರೂ ತಲೆಯಾಡಿಸಿದರು. ಆ ವಯಸ್ಸು, ಆ ಕಣ್ಣು. ಯಾರೂ ಎರಡನೇ ಪ್ರಶ್ನೆ ಕೇಳಲಿಲ್ಲ.

ಭಟ್ಟರ ಬೈಕು ಪಾರ್ಕಿಂಗಿನಲ್ಲಿ ಗೋಣಿ ಹೊದ್ದು ಕುಳಿತಿತು. ಭಟ್ಟರಿಗೆ ಮಾತ್ರ ಹೊಸದೊಂದು ಚಾಳಿ ಅಂಟಿತು. ಎಲ್ಲಿ ದಾರಿ ಎರಡಾಗುತ್ತದೋ ಅಲ್ಲಿ ನಿಂತುಬಿಡುವುದು. ಡೊಂಬಿವಲಿ ಸ್ಟೇಷನ್ನಿನ ಸೇತುವೆಯಲ್ಲಿ ಪೂರ್ವಕ್ಕೂ ಪಶ್ಚಿಮಕ್ಕೂ ಜನ ಒಡೆದು ಹರಿಯುವಲ್ಲಿ, ನಡುಮಧ್ಯೆ ನಿಂತು ಹಿಂದಕ್ಕೆ ನೋಡುವುದು. "ಓ ಕಾಕಾ, ಪುಢೆ ಸರ್ಕಾ!" ಎಂದು ಹಿಂದಿನವರು ಮುಂದೆ ಸರಿಯಲು ಬೈಯುತ್ತಾರೆ, ಬ್ಯಾಗು ತಾಗಿಸುತ್ತಾರೆ. ಭಟ್ಟರು ಸರಿಯುವುದಿಲ್ಲ. ಅಷ್ಟು ಗದ್ದಲದ ಒಳಗಿಂದ ಒಂದೇ ಒಂದು ಎಂಜಿನ್ನು, ತಗ್ಗಿಸಿದ ದನಿಯಲ್ಲಿ, ಸಾಕಷ್ಟು ಅಂತರ ಬಿಟ್ಟು ಹಿಂದೆ ಬರುತ್ತಿರುವುದು ಅವರಿಗೆ ಕೇಳುತ್ತದೆ. ಬಂದು ಮುಟ್ಟುವುದಿಲ್ಲ. ನಿಂತರೆ ಅದೂ ನಿಲ್ಲುತ್ತದೆ.

"ಮೊಣಕಾಲಾ?" ಎಂದು ಸುಗುಣಾ ಕೇಳಿದರೆ, "ಹೌದು" ಎನ್ನುತ್ತಾರೆ. ಅದು ಸುಳ್ಳೂ ಅಲ್ಲ.

ವರ್ಷ ತುಂಬಲು ಒಂದು ವಾರವಿರುವಾಗ ಜಯಲತಾ ಫೋನು ಮಾಡಿದರು. "ಭಟ್ರೇ, ನಿಶ್ಮಿತಾಳದ್ದು ಒಂದೇ ಹಟ. ಅಪ್ಪ ಹೋದ ಜಾಗ ನೋಡ್ಬೇಕಂತೆ, ಅದೂ ಅಪ್ಪನ ಬೈಕಿನಲ್ಲೇ, ರಿಪೇರಿ ಮಾಡಿಸಿಟ್ಟಿದ್ದಾಳೆ. ನೀವು ಮುಂದೆ ಹೋಗಿ, ಅವಳು ಹಿಂದೆ ಬರ್ತಾಳೆ. ನೀವಿದ್ರೆ ನನಗೆ ಧೈರ್ಯ ಉಂಟು."

ಧೈರ್ಯ ಎಂಬ ಮಾತು ಭಟ್ಟರ ಕಿವಿಯಲ್ಲಿ ಚುಚ್ಚಿದಂತಾಯಿತು. ಆಗಲಿ ಎಂದರು.

ನಿಶ್ಮಿತಾಗೆ ಮೂವತ್ತು, ವಾಶಿಯಲ್ಲಿ ಆಫೀಸು. ಬೈಕು ಕಲಿಸಿದವರು ಅಪ್ಪನೇ. ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಹಿಂದಿ. ಭಾನುವಾರ ಬೆಳಿಗ್ಗೆ ಕಲ್ಯಾಣದಲ್ಲಿ, ಭಟ್ಟರ ಹೋಟೆಲಿನ ಮುಂದೆ ನಿಂತೇ ಚಹಾ ಕುಡಿಯುವಾಗ, ಅವಳು ಗ್ಲಾಸು ನೋಡುತ್ತ ಹೇಳಿದಳು:

"ಅಂಕಲ್, ದೂಸ್ರೀ ಆಂಖ್ ಕಾ ಆಪರೇಷನ್ ಮೈನೇ ಹೀ ಟಾಲಾ ಥಾ. ನನಗೆ ರಜೆ ಇರ್ಲಿಲ್ಲ. ದಿವಾಲಿ ಕೆ ಬಾದ್ ಮಾಡುವ ಅಂದೆ. ಆವಾಗ್ಲೇ ಮಾಡಿಸಿದ್ರೆ ಪಪ್ಪನಿಗೆ ಆ ತಿರುವು ಕಾಣ್ತಿತ್ತು, ನ?"

ಇನ್ನೊಂದು ಕಣ್ಣಿನ ಆಪರೇಷನ್ನು ತನ್ನಿಂದಲೇ ಮುಂದಕ್ಕೆ ಹೋಯಿತು, ಅದರಿಂದಲೇ ಅಪ್ಪ ಸತ್ತರು ಎಂದು ಈ ಹುಡುಗಿ ಒಂದು ವರ್ಷ ನಂಬಿಕೊಂಡಿದ್ದಾಳೆ. ನಂಬಿಸಿದವರು ಭಟ್ಟರು. ಹಾಗಲ್ಲ ಎನ್ನಲು ಬಾಯಿ ತೆರೆದರು. ಅದಕ್ಕೆ ಉಳಿದ ಚಹಾ ಸುರಿದು ಬೈಕಿನ ಕಡೆ ನಡೆದರು.

ಭಟ್ಟರ ಬೈಕನ್ನು ಹೋಟೆಲಿನ ಆಳು ಶೇಖರ ಕಿಕ್ ಹೊಡೆದು ಎಬ್ಬಿಸಿಕೊಟ್ಟ. ಸಂಗತಿಯೆಲ್ಲ ಇರುವುದು ಆ ಕಿಕ್ಕಿನಲ್ಲೇ. ಕಿಕ್ ಕೊಡುವುದು ಶೆಟ್ಟರ ಬಾರಿನ ಕಸುಬು, ಕಿಕ್ ಹೊಡೆಯುವುದು ಭಟ್ಟರ ಬಲಗಾಲಿನ ಕಸುಬು ಎಂದು ಹಿಂದೆ ತಮಾಷೆಯಿತ್ತು. ಶೆಟ್ಟರ ಬೈಕಿಗೆ ಸೆಲ್ಫ್ ಇತ್ತು, ಬೆರಳು ಸಾಕು. ಭಟ್ಟರದಕ್ಕೆ ಕಾಲೇ ಬೇಕು. ಹೋದ ವರ್ಷದ ಮಳೆಗಾಲಕ್ಕೆ ಮುಂಚಿನಿಂದಲೇ ಆ ಕಾಲು ಕೈಕೊಟ್ಟಿತ್ತು. ಒಂದು ಕಿಕ್ಕಿಗೆ ಕಣ್ಣಲ್ಲಿ ನೀರು, ಎರಡನೆಯದಕ್ಕೆ ಕತ್ತಲೆ. "ಸೆಲ್ಫ್ ಇದ್ದದ್ದು ತಗೊಳ್ಳಿ ಭಟ್ರೇ" ಎಂದು ಶೆಟ್ಟರು ಅಂದಾಗ, "ಮುದುಕರಿಗೆ ಅದು" ಎಂದುಬಿಟ್ಟಿದ್ದರು. ಆಡಿದ ಮೇಲೆ ಉಳಿಸಿಕೊಳ್ಳಬೇಕಲ್ಲ. ಆದ್ದರಿಂದ ಗುಟ್ಟಾಗಿ, ಯಾವಾಗಲೂ ಇಳಿಜಾರಿನಲ್ಲೇ ನಿಲ್ಲುತ್ತಿದ್ದರು. ಎಂಜಿನ್ ಆರಿದರೂ ಬೈಕನ್ನು ಉರುಳಿಸಿ, ಗಿಯರಿಗೆ ಹಾಕಿ ಕ್ಲಚ್ ಬಿಟ್ಟರೆ ತಾನೇ ಏಳುತ್ತದೆ. ಶೆಟ್ಟರಿಗೆ ತಿಳಿಯಲೇ ಇಲ್ಲ.

ಟಿಟ್ವಾಳಾ ದಾಟಿ ಡಾಂಬರು ಮುಗಿಯಿತು. ಮಣ್ಣುದಾರಿಗಿಳಿದು ಹತ್ತು ನಿಮಿಷವಾಗಿರಬೇಕು, ಭಟ್ಟರ ಬೆನ್ನು ಸೆಟೆಯಿತು. ಹಿಂದೆ ಅದೇ ಎಂಜಿನ್ನು. ತಗ್ಗಿದ ದನಿ. ಸಾಕಷ್ಟು ಅಂತರ. ನಿಶ್ಮಿತಾ ಬರುತ್ತಿದ್ದಾಳೆ, ಬೈಕು ಶೆಟ್ಟರದು, ಅಷ್ಟೇ ಎಂದು ತಮಗೆ ತಾವೇ ಹೇಳಿಕೊಂಡರು. ಆದರೆ ಏರಿನಲ್ಲಿ ಗಿಯರು ಇಳಿಸುವ ಮುಂಚೆ ಒಮ್ಮೆ ತಡೆದು ಗುರ್ ಎನ್ನಿಸುವುದು ಶೆಟ್ಟರ ಅಭ್ಯಾಸ. ಹಿಂದಿನ ಬೈಕು ಏರಿನಲ್ಲಿ ತಡೆಯಿತು, ಗುರ್ ಎಂದಿತು. ಮಗಳಿಗೆ ಅಪ್ಪನಿಂದ ಬಂದದ್ದಿರಬಹುದು. ಭಟ್ಟರು ತಿರುಗಿ ನೋಡಲಿಲ್ಲ.

ಟವರು ಕಂಡಿತು. ತಂತಿಗಳು ಒಣ ದನಿಯಲ್ಲಿ ಗುಂಯ್‌ಗುಡುತ್ತಿದ್ದವು. ಕವಲು ಇರುವುದು ಸಮತಟ್ಟು ನೆಲದಲ್ಲಿ. ಭಟ್ಟರು ಅಲ್ಲಿಗೆ ಬಂದು ಬ್ರೇಕು ಹಿಡಿದರು. ಬಿಸಿಯೇರಿದ ಎಂಜಿನ್ನು ಎರಡು ಸಲ ಕೆಮ್ಮಿ ಆರಿತು. ಸ್ಟ್ಯಾಂಡು ಹಾಕಿ, ಇಳಿದು, ಎಡದಾರಿಯ ಬಾಯಿಗೆ ಹೋಗಿ ನಿಂತರು. ಒಂದು ವರ್ಷ ತಡವಾಗಿ.

ನಿಶ್ಮಿತಾ ಬಂದು ಹೆಲ್ಮೆಟ್ ತೆಗೆದಳು. "ಯಹೀ ಹೈ? ಇದೇ ಜಾಗವಾ?"

"ಇದೇ. ನಿಶ್ಮಿತಾ, ಅದು ನಿನ್ನ ಅಪ್ಪನ ಕಣ್ಣಿನಿಂದ ಆದದ್ದಲ್ಲ."

ಅವಳು ಹೆಲ್ಮೆಟ್ಟನ್ನು ಹ್ಯಾಂಡಲಿಗೆ ತೂಗುಹಾಕಿದಳು.

"ಅವರು ನಿಯಮದ ಪ್ರಕಾರವೇ ಹೋದ್ರು. ನಾನು ಎಡಕ್ಕೆ ತಿರುಗಿದೆ, ಇಲ್ಲಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ನಿಂತ್ರೆ ಗಾಡಿ ಆರ್ತದೆ, ಆರಿದ್ರೆ ಕಿಕ್ ಹೊಡಿಲಿಕ್ಕೆ ನನ್ನಿಂದ ಆಗುದಿಲ್ಲ, ಅದು ಶೆಟ್ರಿಗೆ ಗೊತ್ತಾಗ್ತದೆ. ಅಲ್ಲಿ ಕೆಳಗೆ ಇಳಿಜಾರು ಉಂಟಲ್ಲ, ಅಲ್ಲಿ ಹೋಗಿ ನಿಂತೆ."

ನಲವತ್ತು ವರ್ಷ ಕಾವಲಿಯ ಮುಂದೆ ನಿಂತು ದೋಸೆ ಹೊಯ್ದ ಮನುಷ್ಯ, ಕವಲಿನಲ್ಲಿ ಒಂದು ನಿಮಿಷ ನಿಲ್ಲಲಿಲ್ಲ.

"ಅವರ ಗಾಡಿಯ ಸದ್ದು ಇಲ್ಲಿಯವರೆಗೆ ಬಂತು. ಮುಂದೆ ಹೋಯ್ತು. ನಿಂತಿತು. ಮೂತ್ರಕ್ಕೆ ನಿಲ್ಲಿಸಿದ್ದಾರೆ ಅಂದ್ಕೊಂಡೆ, ನಮ್ಮ ವಯಸ್ಸಿನವರದ್ದು ಗೊತ್ತಲ್ಲ. ಬಂದ ಕೂಡಲೇ ಹೇಳುವ ಅಂತ ಒಂದು ಜೋಕೂ ತಯಾರು ಮಾಡಿದ್ದೆ. ಹತ್ತು ನಿಮಿಷ ನಗ್ತಾ ಕೂತಿದ್ದೆ, ಅಲ್ಲಿ."

ಆ ಜೋಕು ಇನ್ನೂ ಅವರ ಬಾಯಲ್ಲೇ ಇತ್ತು. ಒಂದು ವರ್ಷದಿಂದ ಊಟ ತಿಂಡಿಯೆಲ್ಲ ಅದರ ಪಕ್ಕದಿಂದಲೇ ಇಳಿಯುತ್ತಿತ್ತು.

ನಿಶ್ಮಿತಾ ಅಳಲಿಲ್ಲ, ಬೈಯಲಿಲ್ಲ. "ಕಿತ್ನಾ ದೂರ್? ಆ ಇಳಿಜಾರು ಎಷ್ಟು ದೂರ?" ಎಂದಳು.

"ಇನ್ನೂರು ಹೆಜ್ಜೆ ಇರ್ಬಹುದು."

ಅವಳು ಎಡದಾರಿಯಲ್ಲಿ ಇಳಿದು ಹೋದಳು. ತುಟಿ ಅಲ್ಲಾಡುತ್ತಿತ್ತು, ಎಣಿಸುತ್ತಿದ್ದಳು. ಇಳಿಜಾರು ಶುರುವಾಗುವಲ್ಲಿ ನಿಂತು, ತಿರುಗಿ, ವಾಪಸು ಬಂದಳು.

"ಏಕ್ ಸೌ ಚೌಬೀಸ್" ಎಂದಳು. ನೂರಿಪ್ಪತ್ತನಾಲ್ಕು.

ಆಮೇಲೆ ನೇರ ದಾರಿಯಲ್ಲಿ ನಡೆದಳು, ನೆತ್ತಿಯ ಕಡೆಗೆ. ದಾರಿ ಮುಗಿಯುವಲ್ಲಿ ಈಗ ಒಂದು ಹಗ್ಗ, ಹಗ್ಗಕ್ಕೊಂದು ಕೆಂಪು ಬಟ್ಟೆ. ಅದರ ಬಳಿ ಅವಳ ಬೆನ್ನು ಬಹಳ ಹೊತ್ತು ಅಲುಗಾಡದೆ ನಿಂತಿತ್ತು. ಭಟ್ಟರು ಕವಲು ಬಿಡಲಿಲ್ಲ. ಬಿಸಿಲೇರಿತು. ಬಲ ಮೊಣಕಾಲು ನಡುಗಿತು. ನಡುಗಲಿ ಎಂದು ಬಿಟ್ಟರು.

ಮರಳಿ ಬಂದವಳು ಅವರ ಬೈಕಿನ ಬಳಿಗೇ ಹೋದಳು. ಕಿಕ್ ಹೊಡೆದಳು. ಮೂರನೆಯದಕ್ಕೆ ಅದು ಎದ್ದಿತು. ಆಕ್ಸಿಲರೇಟರ್ ಹಿಡಿದುಕೊಂಡೇ ಅವರಿಗೆ ಹತ್ತಲು ಜಾಗ ಬಿಟ್ಟಳು.

"ಅಮ್ಮನಿಗೆ ನೀವೇ ಹೇಳಿ. ಇವತ್ತೇ. ಮೈ ನಹೀಂ ಬೋಲೂಂಗೀ."

"ಹೇಳ್ತೇನೆ."

"ಅಬ್ ಮೈ ಆಗೇ. ನೀವು ಹಿಂದೆ ಬನ್ನಿ." ಹೆಲ್ಮೆಟ್ ಹಾಕುವ ಮುಂಚೆ ಒಮ್ಮೆ ಅವರ ಮುಖ ನೋಡಿದಳು. "ರೂಲ್ ಗೊತ್ತಲ್ಲ?"

ಅವಳು ಎಡಕ್ಕೆ ತಿರುಗಿ ಇಳಿದುಹೋದಳು. ಧೂಳು ತುಸು ಅಡಗಿದೊಡನೆ ಭಟ್ಟರು ಹೊರಟರು. ಹಿಂದಿನವನಾಗಿ ಆ ದಾರಿಯಲ್ಲಿ ಹೋಗುವುದು ಅವರಿಗೆ ಅದೇ ಮೊದಲು. ಮುಂದೆ ಯಾರೂ ಕಾಣುವುದಿಲ್ಲ; ಗಾಳಿಯಲ್ಲಿ ತೇಲುವ ಧೂಳೇ ಗುರುತು. ಶೆಟ್ಟರು ಏಳು ವರ್ಷ ನೋಡಿದ್ದು ಇದನ್ನೇ ಇರಬೇಕು.

ಹಳ್ಳಿಗೆ ಮುಂಚೆ ಬೋರ್‌ವೆಲ್ಲಿನ ಪಕ್ಕ ಇನ್ನೊಂದು ಕವಲು. ಬಲದ್ದು ಹೊಳೆಗೆ, ನೇರದ್ದು ಡಾಂಬರಿಗೆ. ಭಟ್ಟರು ತಿರುವು ದಾಟಿ ನೋಡಿದರು.

ಕವಲಿನಲ್ಲಿ ಯಾರೂ ಇರಲಿಲ್ಲ.

ನೇರವೇ ಸರಿಯಾದ ದಾರಿಯೆಂದು ಅವರಿಗೆ ಗೊತ್ತು. ಅವಳು ನಿಲ್ಲಬೇಕಾದ್ದೂ ಇಲ್ಲ. ಆದರೂ ಕೈ ತಾನಾಗಿ ಬ್ರೇಕು ಹಿಡಿಯಿತು. ಎರಡು ಖಾಲಿ ದಾರಿಗಳು, ಒಂದು ಬೋರ್‌ವೆಲ್ಲು, ಅದರ ಕೆಳಗೆ ಕೆಸರು. ಇಂಥದೊಂದು ಖಾಲಿಯನ್ನು ಕಂಡಾಗ ಶೆಟ್ಟರಿಗೆ ಏನನ್ನಿಸಿತ್ತು ಎಂದು ಒಂದು ವರ್ಷ ಯೋಚಿಸಿದ್ದರು. ಹೆದರಿದರೇ, ಅನುಮಾನಿಸಿದರೇ, ಕೂಗಿದರೇ? ಈಗ ತಿಳಿಯಿತು. ಏನೂ ಅನ್ನಿಸಿರಲಿಲ್ಲ. ಭಟ್ರು ನಿಂತಿಲ್ಲ, ಆದ್ದರಿಂದ ದಾರಿ ನೇರ. ಗಿಯರು ಕೂಡ ಇಳಿಸಿರಲಾರರು.

ಎಂಜಿನ್ನು ಕೆಮ್ಮಲು ಶುರುಮಾಡಿತು. ಇನ್ನೊಂದು ಗಳಿಗೆ ನಿಂತರೆ ಆರುತ್ತದೆ. ಹಿಂದೆ, ಸಾಕಷ್ಟು ಅಂತರ ಬಿಟ್ಟು, ಆ ಸದ್ದು ಬಂದು ನಿಂತಿತ್ತು. ನಿಶ್ಮಿತಾ ಮುಂದೆ ಹೋಗಿ ಆಗಿತ್ತು, ಅದು ಅವಳದಲ್ಲ.

"ನೇರವೇ ಶೆಟ್ರೇ" ಎಂದರು ಭಟ್ಟರು, ಜೋರಾಗಿ, ಹಿಂದಕ್ಕೆ ಕೈ ಎತ್ತಿ ದಾರಿ ತೋರಿಸುತ್ತ. "ಈ ಸಲ ನೇರವೇ ಸರಿ."

ಗಿಯರು ಹಾಕಿ ನೇರ ಹೋದರು. ಸ್ವಲ್ಪ ಹೊತ್ತು ಹಿಂದೆ ಏನೂ ಕೇಳಲಿಲ್ಲ. ಡಾಂಬರು ಮುಟ್ಟುವ ಏರಿನಲ್ಲಿ ಹಿಂದಿನ ಆ ಸದ್ದು ಒಮ್ಮೆ ತಡೆಯಿತು, ಗುರ್ ಎಂದಿತು.