ಟಾರಿನ ಮೇಲಿನ ಸರಪಳಿ ಗುರುತು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ, "ಆಗ ನೀವು ಎಲ್ಲಿದ್ದಿರಿ? ಕಣ್ಣಾರೆ ಕಂಡಿರಾ?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದವನು ನಾನು. ಈಗ ನನ್ನ ಸರದಿ. ಎಲ್ಲಿದ್ದೆ ಎನ್ನುವುದನ್ನೇ ಮೊದಲು ಹೇಳಿಬಿಡುತ್ತೇನೆ. ಲಾರಿಯ ಮುಂದಿನ ಸೀಟಿನಲ್ಲಿ, ಸರಪಳಿ ತುಂಬಿದ ಗೋಣಿಚೀಲದ ಮೇಲೆ ಎರಡೂ ಕಾಲಿಟ್ಟು ಕುಳಿತಿದ್ದೆ.

ಎಪ್ಪತ್ತರ ದಶಕದ ಮಾತು. ಮಂಡ್ಯದ ಗುತ್ತಲಿನಲ್ಲಿ ನನ್ನ ಮನೆ. ಮಳವಳ್ಳಿ–ಮದ್ದೂರು ರಸ್ತೆಗೆ ಹೊಸ ಟಾರು ಹಾಕುವ ಕೆಲಸದ ಮೇಲ್ವಿಚಾರಣೆ ನನ್ನದಾಗಿತ್ತು. ಕಬ್ಬು ಕಡಿಯುವ ಚಳಿಗಾಲ. ನಾಲೆ ನೀರು ಹರಿದ ಗದ್ದೆದಾರಿಯಲ್ಲಿ ಲಾರಿಗಳು ಹೂತುಕೊಳ್ಳುತ್ತಿದ್ದವು. ಅದಕ್ಕೇ ಡ್ರೈವರುಗಳು ಹಿಂದಿನ ಟೈರುಗಳಿಗೆ ಕಬ್ಬಿಣದ ಸರಪಳಿ ಸುತ್ತುತ್ತಿದ್ದರು. ನಿಯಮ ಒಂದೇ: ಕೆಸರಿನಲ್ಲಿ ಸುತ್ತು, ಟಾರು ಮುಟ್ಟುವ ಮೊದಲು ಬಿಚ್ಚು. ಬಿಚ್ಚದೆ ಓಡಿಸಿದರೆ ಹೊಸ ರಸ್ತೆಯ ಜಲ್ಲಿ ಕಿತ್ತು ಬರುತ್ತದೆ.

ಬೆಳಗಾದರೆ ರಸ್ತೆಯ ಮೇಲೆ ಸರಪಳಿ ಗುರುತು. ನಸುಕಿನಲ್ಲಿ ಆ ದಾರಿಯಲ್ಲಿ ಬರುತ್ತಿದ್ದುದು ಡ್ರೈವರ್ ಕೆಂಪಣ್ಣನ ಲಾರಿ ಒಂದೇ. ಬಿಚ್ಚಿಯೇ ಬರುತ್ತೇನೆಂದು ಅವನು ಆಣೆಯಿಡುತ್ತಿದ್ದ, ನಾನು ನಂಬಿರಲಿಲ್ಲ. ಇನ್ನೊಂದು ದೂರು ಬಂದರೆ ಕೀ ಕಿತ್ತುಕೊಂಡು ಮನೆಗೆ ಕಳಿಸುವುದಾಗಿ ಲಾರಿಯ ಮಾಲೀಕ ಹೇಳಿದ್ದ. ನಾನೇ ಜೊತೆಯಲ್ಲಿ ಕೂತು ನೋಡಿಬಿಡೋಣವೆಂದು ಒಂದು ಮುಂಜಾನೆ ಮಂಜಿನಲ್ಲಿ ಗದ್ದೆಗೆ ಹೋದೆ.

"ಲೇ ಕೆಂಪ, ಇವತ್ತು ಸ್ವಾಮ್ಯೋರೇ ಕುಂತವ್ರೆ. ಮದ್ವೆ ಗಂಡ್ನ ಕರ್ಕೊಂಡೋದಂಗೆ ಓಗ್ಲಾ!" ಎಂದು ಕಬ್ಬು ತುಂಬುವವರು ನಕ್ಕರು.

ಟಾರಿನ ಅಂಚಿನಲ್ಲಿ ಇಳಿದು, ನಾನೇ ನಿಂತು ಸರಪಳಿ ಬಿಚ್ಚಿಸಿದೆ. ಬೇರೆ ಸರಪಳಿ ಇದೆಯೇ ಎಂದು ಗಾಡಿಯ ಅಡಿಗೂ ಬಗ್ಗಿ ನೋಡಿದೆ. ಬಿಚ್ಚಿದ್ದನ್ನು ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಕಾಲಡಿ ಇಟ್ಟುಕೊಂಡೆ. ಕೆಸರು ಮೆತ್ತಿದ ಆ ಕಬ್ಬಿಣ ಕೈ ಮರಗಟ್ಟುವಷ್ಟು ತಣ್ಣಗಿತ್ತು.

ತುಸು ದೂರ ಹೋಗಿರಬೇಕು. ಹಿಂದಿನ ಚಕ್ರದ ಕಡೆಯಿಂದ ಝಣ್ ಎಂದಿತು. ಚಕ್ರ ಒಂದು ಸುತ್ತು ಬಂದಂತೆಲ್ಲ ಒಂದು ಸಲ. ಕೆಂಪಣ್ಣ ನನ್ನ ಕಾಲಿನತ್ತ ನೋಡಿದ. ನಾನು ಅವನ ಕೈಗಳನ್ನು ನೋಡಿದೆ. ಗಾಡಿ ನಿಂತಿತು, ಸದ್ದೂ ನಿಂತಿತು.

ಇಳಿದು ನೋಡಿದರೆ ಚಕ್ರಗಳ ಮೇಲೆ ಏನೂ ಇಲ್ಲ. ಟಾರಿನ ಮೇಲೆ ಮಾತ್ರ ಗುರುತು, ನಮ್ಮ ಟೈರಿನ ಬುಡದವರೆಗೂ. ಹಳೆಯದಿರಬಹುದೆಂದು ಕುಕ್ಕರುಗಾಲಿನಲ್ಲಿ ಕೂತು ಬೆರಳಿಟ್ಟೆ. ರಸ್ತೆಯೆಲ್ಲ ಮಂಜಿಗೆ ಒದ್ದೆಯಾಗಿತ್ತು. ಗುರುತಿನೊಳಗಿನ ಜಲ್ಲಿಪುಡಿ ಮಾತ್ರ ಒಣಗಿ ಬೆಳ್ಳಗಿತ್ತು. ಆಗಷ್ಟೇ ಆದದ್ದು.

"ಏನು ಮಾಡಿದೆ, ಹೇಳಿಬಿಡಪ್ಪ" ಎಂದೆ.

"ನಾನಾ? ಕಾಲಡಿ ಮಡಿಕ್ಕಂಡಿದ್ದೋರು ನೀವು! ನನ್ ಕೆಲ್ಸ ಕಳೀಬೇಕು ಅಂತ ನೀವೇ ಏನೋ ಮಾಡ್ಸಿದ್ದೀರಿ, ಬುಡಿ ಸ್ವಾಮಿ." ಅವನು ಗಾಡಿಯಿಂದ ಎರಡು ಹೆಜ್ಜೆ ಹಿಂದೆ ಸರಿದ. ಅದೂ ನಟನೆಯಿರಬಹುದೆಂದು ನನಗೆ ಅನ್ನಿಸಿತು.

ಚೀಲ ಇಳಿಸಿದೆ. ನಾನೇ ಹಾಕಿದ್ದ ಗಂಟು ಹಾಗೆಯೇ ಇತ್ತು. ಬಿಚ್ಚಿ ಕೈಹಾಕಿದವನು ತಕ್ಷಣ ಎಳೆದುಕೊಂಡೆ. ಸರಪಳಿ ಸುಡುತ್ತಿತ್ತು. ಎಂಜಿನ್ನಿನ ಕಾವಿರಬೇಕೆಂದು ಚೀಲವನ್ನು ಹೊರಗಿನಿಂದ ಮುಟ್ಟಿದೆ. ಚೀಲ ತಣ್ಣಗೇ ಇತ್ತು.

ಮದ್ದೂರಿನಲ್ಲಿ ಮಾಲೀಕ ಕಾಯುತ್ತಿದ್ದ. ಮೊದಲು ಕೈಚಾಚಿ ಕೆಂಪಣ್ಣನಿಂದ ಕೀ ಈಸಿಕೊಂಡ. "ಚಕ್ರದಲ್ಲಿತ್ತಾ ಸ್ವಾಮಿ?" ಎಂದು ನನ್ನನ್ನು ಕೇಳಿದ.

"ಇರಲಿಲ್ಲ" ಎಂದೆ. ಗುರುತಿನ ವಿಷಯವನ್ನೂ ಬಿಸಿಯ ವಿಷಯವನ್ನೂ ಹೇಳಿದೆ. ಅವನು ಹತ್ತಿರ ಬಂದು ನನ್ನ ಬಾಯಿ ಮೂಸಿದ.

"ಬೆಳಿಗ್ ಬೆಳಿಗ್ಗೇನೇ ಇಬ್ರೂ ಆಕ್ಕೊಂಡ್ ಬಂದಿದ್ದೀರಾ ಎಂಗೆ?"

ಆದರೂ ಸರಪಳಿ ಚಕ್ರದಲ್ಲಿರಲಿಲ್ಲ ಎಂಬ ನನ್ನ ಮಾತನ್ನು ಅವನು ತಳ್ಳಿಹಾಕಲಾರದೆ ಹೋದ. ಕೀಯನ್ನು ಕೆಂಪಣ್ಣನ ಅಂಗೈಗೆ ಹಾಕಿ ನಡೆದ.

ಕೆಂಪಣ್ಣ ಕೀ ಹಿಡಿದು ನಿಂತೇ ಇದ್ದ. "ಹತ್ತಪ್ಪ, ಹೊರಡೋಣ" ಎಂದೆ.

"ನೀವು ಮೊದ್ಲು ಅತ್ತಿ ಸ್ವಾಮಿ. ಆ ಚೀಲದ್ ಮ್ಯಾಲೆ ಕಾಲ್ ಮಡಗಿ."

ನಾನು ಹತ್ತಲಿಲ್ಲ. ಮಂಡ್ಯಕ್ಕೆ ಬಸ್ಸಿನಲ್ಲಿ ಹೋದೆ. ಅವನು ನನಗೆ ಮೋಸ ಮಾಡಿದ್ದರೆ ಹೇಗೆ ಮಾಡಿದ ಎಂಬುದು ಇಷ್ಟು ವರ್ಷವಾದರೂ ನನಗೆ ಹೊಳೆದಿಲ್ಲ. ಮಾಡಿಲ್ಲವಾದರೆ ಏನು ನಡೆಯಿತು ಎಂಬುದೂ ಇಲ್ಲ. ಬಸ್ಸು ಹೊರಟಾಗ ಕಿಟಕಿಯಿಂದ ತಿರುಗಿ ನೋಡಿದೆ. ಉಳಿಸಿಕೊಂಡ ಕೀಯನ್ನು ಮುಷ್ಟಿಯಲ್ಲಿ ಹಿಡಿದು, ಲಾರಿಯ ಬಾಗಿಲು ತೆರೆದಿಟ್ಟು, ಕೆಂಪಣ್ಣ ಇನ್ನೂ ಕೆಳಗೇ ನಿಂತಿದ್ದ.