ಗೋಡೆಗೆ ಅಂಟಿದ ಪುಸ್ತಕ

ಮಕ್ಕಳ ಸಾಹಿತಿಯೊಬ್ಬರ ಬದುಕು, ಕತೆ, ಪಾತ್ರಗಳನ್ನೆಲ್ಲ ಪರಿಚಯಿಸುವ ಸಚಿತ್ರ ಕೋಶವೊಂದಕ್ಕೆ ಚಿತ್ರ ಬರೆದವನು ನಾನು. ಕುರುಗೋಡಿನ ಶಾಲೆಯೊಂದರಲ್ಲಿ ಅದಕ್ಕೆ ಭಾರೀ ಅಭಿಮಾನಿಗಳಿದ್ದಾರೆ ಅಂತ ಕೇಳಿ, ಉಬ್ಬಿಕೊಂಡೇ ಬಳ್ಳಾರಿಯಲ್ಲಿ ಬಸ್ಸು ಹತ್ತಿದ್ದೆ.

ತರಗತಿಗೆ ಕಾಲಿಟ್ಟದ್ದೇ ತಡ, ಮೈಯೆಲ್ಲ ಉರಿದುಹೋಯಿತು. ನನ್ನ ಚಿತ್ರಗಳನ್ನು ಒಂದೊಂದಾಗಿ ಕತ್ತರಿಸಿ ಗೋಡೆ ತುಂಬ ಅಂಟಿಸಿದ್ದರು. ಮೇಜಿನ ಮೇಲೆ ಬರೀ ರಟ್ಟು ಬಿದ್ದಿತ್ತು.

“ಯಾರ್ರೀ ಇದನ್ನ ಕತ್ತರಿಸಿದ್ದು?” ಅಂತ ಕೂಗಾಡಿದೆ.

“ನಾನರಿ ಸರ,” ಅಂದರು ಟೀಚರು, ಹೆಮ್ಮೆಯಿಂದಲೇ. “ಬುಕ್ಕು ಒಂದ ಐತಿ. ಒಬ್ಬರ ಕೈಯಾಗ ಕೊಟ್ರ ಉಳಿದ ಹುಡುಗ್ರು ಅಳತಾವ. ನಮಗ ಆ ಬುಕ್ಕಂದ್ರ ಜೀವ ರೀ!”

“ಜೀವ ಅಂದ್ರ ಕತ್ತರಿ ಹಾಕ್ತೀರೇನ್ರಿ? ವರ್ಷಗಟ್ಟಲೆ ಕೂತು ಬರದೀನಿ!”

“ಸಿಟ್ಟಾಗಬ್ಯಾಡ್ರಿ. ತಪ್ಪು ನಿಮ್ದೂ ಐತಿ. ಹಾಳಿ ಎರಡೂ ಕಡಿ ಚಿತ್ರ ಬರದೀರಿ. ಹಿಂದಿನ್ವೆಲ್ಲ ಗ್ವಾಡಿಗೆ ಮಾರಿ ಮಾಡಿ ಕುಂತಾವ. ಹುಡುಗ್ರು ದಿನಾ ಕೇಳ್ತಾವ, ಹಿಂದ ಏನೈತಿ ಅಂತ. ಇನ್ನೊಂದು ಬುಕ್ಕು ಕಳಸ್ರಿ.”



ಸಿಟ್ಟು ಯಾರ ಮೇಲಾದರೂ ಹೋಗಬೇಕಲ್ಲ! ವಾಪಸ್ ಬಸ್ಸು ಹತ್ತುತ್ತಲೇ ಪ್ರಕಾಶಕರಿಗೆ ಫೋನ್ ಮಾಡಿ ರೇಗಿದೆ: “ಒಂದೇ ಬದಿಗೆ ಅಚ್ಚು ಹಾಕ್ಸಾಕ ನಿಮಗೇನಾಗಿತ್ರಿ?”